ಮೂರನೆಯ ವಂದನೆ

ಕುರಾಯೋಶಿ,
ಜೂನ್ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ಚಿಜುರು,

ಹೇಗಿದ್ದೀಯಮ್ಮ? ಓಸಾಕಾ ಮುಟ್ಟಿದ ಮೇಲೆ ಸ್ವಲ್ಪನಾದರೂ ನಿದ್ದೆ ಮಾಡಿದ್ಯಾ? ಹೊಟ್ಟೆಯಲ್ಲಿ ಉರಿ ಅಂತಿದ್ದೆಯಲ್ಲ, ಕಡಿಮೆ ಆಯ್ತಾ? ಹಿದೆಕಾಜು ಒಂದು ಹಿಡಿ ಅನ್ನನಾದರೂ ಬೇಯಿಸಿ ಹಾಕ್ತಾನೋ, ಇಲ್ಲ ಅಂಗಡಿಯ ಡಬ್ಬಿ ಊಟವೇ ಗತಿಯೋ? ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಆದರೂ ಹೇಳ್ತೀನಿ, ಮೈಗಳ್ಳ ಅವನು. ನೀನು ಕಂಪನಿ ನಡೆಸಬಹುದು, ಅವನನ್ನು ನಡೆಸೋದು ಕಷ್ಟ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ರಕ್ಯೊ ಈರುಳ್ಳಿ ಸುಲಿದು ಸುಲಿದು ಬೆರಳೆಲ್ಲ ನಾತ ಹೊಡೀತಿದೆ, ಈ ಕಾಗದಕ್ಕೂ ಹತ್ತಿರಬೇಕು, ಮೂಗು ಮುಚ್ಚಿಕೊಂಡು ಓದು. ಉಪ್ಪಿನಕಾಯಿ ಎರಡು ಭರಣಿ ಹಾಕಿದ್ದೀನಿ, ಒಂದು ನಿನ್ನದು. ಫೋನ್ ಮಾಡೋದು ಬಿಟ್ಟು ಅತ್ತೆ ಕಾಗದ ಯಾಕೆ ಬರೀತಾಳೆ ಅಂದ್ಕೋತೀಯ. ನಿನ್ನ ಕೈಲಿರೋ ಫೋನು ಕಂಪನಿಯವರು ಕೊಟ್ಟಿದ್ದು, ಅದರೊಳಗೆ ಯಾರು ಕಿವಿ ಇಟ್ಟಿರ್ತಾರೋ ನನಗೇನು ಗೊತ್ತು? ಅದೂ ಅಲ್ಲದೆ ಫೋನಿನಲ್ಲಿ ನಾನು ಏನು ಹೇಳಿದ್ರೂ ನೀನು "ಹೂಂ ಅತ್ತೆ, ಆಯ್ತು ಅತ್ತೆ" ಅಂತ ಮುಗಿಸಿಬಿಡ್ತೀಯ. ಕಾಗದ ಆದ್ರೆ ಪೂರ್ತಿ ಓದಲೇಬೇಕು.

ನನಗೆ ಭಯ ಆಗ್ತಿದೆ ಕಣೆ. ಸುತ್ತಿ ಬಳಸಿ ಹೇಳೋಕೆ ಬರಲ್ಲ ನನಗೆ. ನಿನ್ನೆ ನಿಮ್ಮ ಬಸ್ಸು ಹೋದಾಗಿನಿಂದ ಕೈಕಾಲು ತಣ್ಣಗಿವೆ, ಬಿಸಿನೀರಿನಲ್ಲಿ ಕೂತು ಬಂದರೂ ಬೆಚ್ಚಗಾಗಲಿಲ್ಲ. ನೀನು ತೆನ್‌ಮೊಕು ಲಿಫ್ಟ್ ಕಂಪನಿಯ ಅಧ್ಯಕ್ಷೆ ಆಗ್ತೀಯ ಅಂತ ಪೇಪರಿನಲ್ಲಿ ಫೋಟೋ ಬಂದ ದಿನ ನಾನು ಹೇಗೆ ಕುಣಿದಿದ್ದೆ, ನೆನಪಿದೆಯಲ್ಲ? ಕೆಂಪು ಅಲಸಂದೆ ಹಾಕಿ ಅನ್ನ ಮಾಡಿ ಇಡೀ ಬೀದಿಗೆ ಹಂಚಿದೆ. ಮೀನಿನಂಗಡಿ ಮಾತ್ಸುಯೆ ಶುಭಕ್ಕೆ ಅಂತ ತಿನ್ನೋ ದೊಡ್ಡ ತಾಯ್ ಮೀನು ತಂದು ಕೊಟ್ಟು, "ಏನೇ ತೋಮಿಯೆ, ಇನ್ಮೇಲೆ ನಿನ್ನ ಮಾತಾಡಿಸೋಕೂ ಚೀಟಿ ಬರೆದು ಕಳಿಸಬೇಕಾ?" ಅಂತ ಕಾಲೆಳೆದಳು. ಹೂಂ, ಕಳಿಸು ಅಂದೆ. ಆಡಳಿತ ಮಂಡಳಿಯಲ್ಲಿ ನಿನ್ನನ್ನು ಬಿಟ್ಟರೆ ಎಲ್ಲರೂ ಗಂಡಸರೇ, ಕಂಪನಿ ಹುಟ್ಟಿದಾಗಿನಿಂದ ಆ ಕುರ್ಚಿ ಮೇಲೆ ಹೆಂಗಸು ಕೂತಿಲ್ಲ ಅಂತ ಪೇಪರಿನವರೇ ಬರೆದಿದ್ದರು. ಆ ತುಂಡನ್ನು ಕತ್ತರಿಸಿ ನಿಮ್ಮ ಮಾವನ ಫೋಟೋ ಪಕ್ಕದಲ್ಲೇ ಇಟ್ಟಿದ್ದೀನಿ. ನೋಡ್ಕೊಳ್ಳಿ ಅಂತ. ಈಗ ಅದರ ಕಡೆ ನೋಡೋಕೂ ಆಗ್ತಿಲ್ಲ.

ನಿನ್ನೆ ಬೆಳಗ್ಗೆ ತಿಂಡಿ ಆದ ಮೇಲೆ ನೀನು, "ಅತ್ತೆ, ಆಫೀಸಿನವರು ನನಗೆ ಬಗ್ಗಿ ವಂದಿಸೋದನ್ನ ಕಲಿಸೋಕೆ ಒಬ್ಬ ಮೇಷ್ಟ್ರನ್ನ ಗೊತ್ತುಮಾಡಿದ್ದಾರೆ, ಸರಿಯಾಗಿ ಬಂತಾ ನೋಡಿ" ಅಂತ ನಗುತ್ತಾ ಎದ್ದು ನಿಂತೆ. ವಸತಿಗೃಹ ನಡೆಸಿದ ಹೆಂಗಸಿಗೆ ಬಗ್ಗೋದು ತೋರಿಸ್ತಾಳಲ್ಲ ಅಂತ ನನಗೂ ನಗು ಬಂತು. ನೀನು ಬಗ್ಗಿದೆ. ಬೆನ್ನು ಇನ್ನೂ ನೇರ ಮಾಡು, ಕತ್ತು ಒಂದೇ ಬಗ್ಗಿಸಬೇಡ ಅಂತೆಲ್ಲ ನಾನೂ ತಿದ್ದಿದೆ, ಪೆದ್ದಿ ನಾನು. ಸಾಯಂಕಾಲ ನೀವು ಬಸ್ಸು ಹತ್ತಿದ ಮೇಲೆ, ನನ್ನ ಹಳೇ ಚಾಳಿ ಎಲ್ಲಿ ಹೋಗುತ್ತೆ, ಬಸ್ಸು ಸೇತುವೆ ಹತ್ತಿರ ತಿರುಗಿ ಮರೆಯಾಗೋವರೆಗೂ ಬಗ್ಗಿಯೇ ನಿಂತಿದ್ದೆ. ಹಾಗೆ ಬಗ್ಗಿದ್ದಾಗಲೇ ಹೊಳೀತು. ನಾವು ಬಗ್ಗೋದು ಮೂರು ಥರ ಚಿಜುರು. ಅತಿಥಿ ಬಂದಾಗ ಒಂದು, ಅವರ ಮುಖ ನೋಡಿ, ನಕ್ಕು, ಆಮೇಲೆ ಬಗ್ಗೋದು. ಹೊರಟಾಗ ಇನ್ನೊಂದು, ಅವರು ಕಣ್ಮರೆಯಾಗೋವರೆಗೂ ಬಗ್ಗಿರೋದು. ಮೂರನೆಯದು ತಪ್ಪಾಯ್ತು ಅನ್ನೋದಕ್ಕೆ. ಅದರಲ್ಲಿ ಮುಖ ನೋಡೋ ಹಾಗಿಲ್ಲ, ನಗೋ ಹಾಗಿಲ್ಲ, ಕೈ ಎರಡೂ ಪಕ್ಕಕ್ಕೆ, ಮತ್ತೆ ತಾನಾಗಿ ಮೇಲೇಳೋ ಹಾಗಿಲ್ಲ. ನಿನಗೆ ಆ ಮೇಷ್ಟ್ರು ಕಲಿಸಿದ್ದು ಮೂರನೆಯದು. ಅದೊಂದೇ. ಹೊಸದಾಗಿ ಅಧ್ಯಕ್ಷೆ ಆಗೋಳಿಗೆ ಬನ್ನಿ ಅನ್ನೋದು ಕಲಿಸಲಿಲ್ಲ, ಹೋಗಿಬನ್ನಿ ಅನ್ನೋದು ಕಲಿಸಲಿಲ್ಲ. ಕಪ್ಪು ಬಟ್ಟೆ ಹೊಲಿಸಿಕೊಳ್ಳಿ, ಕತ್ತಿಗೆ ಮುತ್ತಿನ ಸರ ಬೇಡ ಅಂತಲೂ ಹೇಳಿದ್ದಾನಲ್ಲ ಅವನು? ಯಾವ ಸಂಭ್ರಮಕ್ಕಮ್ಮ ಆ ವೇಷ?

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಹಿದೆಕಾಜು ಇನ್ನೂ ಅಂಬೆಗಾಲಿಡ್ತಿದ್ದ. ಒಂದು ಸಲ ನಮ್ಮಲ್ಲಿ ಸಮುದ್ರದ ಸಿಂಪಿ ತಿಂದ ಅತಿಥಿಗಳಿಗೆಲ್ಲ ವಾಂತಿ ಭೇದಿ ಆಗಿ ಆಸ್ಪತ್ರೆ ಸೇರಿದರು. ಆ ಸಿಂಪಿ ನಾತ ಬರ್ತಿದೆ, ಬಡಿಸೋದು ಬೇಡ ಅಂತ ನಾನು ಬಡ್ಕೊಂಡಿದ್ದೆ. "ಅಡುಗೆಮನೆ ವಿಷಯ ನಿನಗ್ಯಾಕೆ" ಅಂತ ನಿಮ್ಮ ಮಾವ ಬಾಯಿ ಮುಚ್ಚಿಸಿದ್ದರು. ಪೇಪರಿನವರು ಬಾಗಿಲಿಗೆ ಬಂದಾಗ ಮಾತ್ರ, "ಎಲ್ಲ ನಡೆಸೋಳು ನಮ್ಮ ಯಜಮಾನಿ" ಅಂದುಬಿಟ್ಟರು. ನನ್ನ ಕಿವಿಯಲ್ಲಿ, "ಹೆಂಗಸು ಬಗ್ಗಿದರೆ ಜನರ ಸಿಟ್ಟು ಇಳಿಯುತ್ತೆ, ಹೋಗು ಮುಂದೆ" ಅಂದರು. ಹೋದೆ, ಬಗ್ಗಿದೆ. ಏಳು ಅನ್ನೋರು ಯಾರೂ ಇರಲಿಲ್ಲ. ನಿಮ್ಮ ಮಾವ ಒಳಗೆ ತೆರೆಯ ಹಿಂದೆ ಕೂತು ಚಹಾ ಕುಡೀತಿದ್ದರು, ಬಟ್ಟಲು ಇಟ್ಟ ಸದ್ದು ನನಗೆ ಕೇಳಿಸ್ತು. ಆಮೇಲೆ ವರ್ಷಗಟ್ಟಲೆ ಸಂತೆಗೆ ಹೋದರೆ ಜನ ನನ್ನ ಬುಟ್ಟಿ ನೋಡಿ ಸಿಂಪಿ ಇದೆಯಾ ಅಂತ ಕೇಳೋರು. ನಿಮ್ಮ ಮಾವನನ್ನ ಯಾರೂ ಕೇಳಲಿಲ್ಲ.

ಅದಕ್ಕೇ ನೀನು ಶುಕ್ರವಾರ ಊಟದ ಹೊತ್ತಲ್ಲಿ ಆಡಿದ ಮಾತೆಲ್ಲ ಈಗ ಬೇರೆ ಥರ ಕೇಳಿಸ್ತಿದೆ. ಲಿಫ್ಟುಗಳ ಬ್ರೇಕು ಪರೀಕ್ಷೆ ಮಾಡಿದ ಹಳೇ ಲೆಕ್ಕ ಎಲ್ಲ ತೋರಿಸಿ ಅಂತ ನೀನು ಕೇಳಿದ್ದಕ್ಕೆ ಆ ನಾಗಾಕುರಾ, ಈಗಿನ ಅಧ್ಯಕ್ಷ, "ಹಳೇದೆಲ್ಲ ಮುದುಕರಿಗೆ ಬಿಡಮ್ಮ, ನೀನು ಮುಂದಕ್ಕೆ ನೋಡು" ಅಂತ ನಕ್ಕನಂತೆ. ಪರೀಕ್ಷೆ ವಿಭಾಗದ ಮುಖ್ಯಸ್ಥನನ್ನ ಇದ್ದಕ್ಕಿದ್ದ ಹಾಗೆ ದೂರದ ಹೊಕ್ಕೈಡೊಗೆ ಎತ್ತಂಗಡಿ ಮಾಡಿದರಂತೆ. ನಾಗಾಕುರಾ ಮಾತ್ರ ಹಿರಿಯ ಸಲಹೆಗಾರ ಅಂತ ಹೆಸರಿಟ್ಟುಕೊಂಡು ಮೇಲಿನ ಮಹಡಿಯಲ್ಲೇ ಇರ್ತಾನಂತೆ. ಅವನ ತೆರೆ ಅದು! ಅವನಿಗೆ ಗೊತ್ತು ಚಿಜುರು, ಏನೋ ಹೊರಗೆ ಬರುತ್ತೆ ಅಂತ. ಬಂದ ದಿನ ಟೀವಿ ಮುಂದೆ ಬಗ್ಗೋಕೆ ಒಂದು ತಲೆ ಬೇಕು. ಅದು ಹೆಂಗಸಿನ ತಲೆಯಾದರೆ ಇನ್ನೂ ಒಳ್ಳೇದು. ಹೆಂಗಸರನ್ನ ಮೇಲಕ್ಕೆ ತನ್ನಿ ಅಂತ ಷೇರುದಾರರು ಗಲಾಟೆ ಮಾಡ್ತಿದ್ದರಲ್ಲ, ಅವರ ಬಾಯೂ ಮುಚ್ಚಿದ ಹಾಗಾಯ್ತು. ಹೆಂಗಸರು ಆ ಕೋಣೆಗೆ ಹೋಗಬೇಕು, ಒಬ್ಬಳಲ್ಲ ಅರ್ಧಕ್ಕರ್ಧ ಹೋಗಬೇಕು ಅಂತ ನಿನಗಿಂತ ಮೊದಲು ಹೇಳಿದವಳು ನಾನು. ಆದರೆ ಇಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದು, ಮನೆಗೆ ಬೆಂಕಿ ಬಿದ್ದ ಮೇಲೆ "ಒಳಗೆ ಬಾಮ್ಮ, ನೀನೇ ಯಜಮಾನಿ" ಅಂದರೆ ಅದಕ್ಕೇನು ಹೇಳೋಣ? ಹರಕೆಯ ಕುರಿ ಮಾಡ್ತಿದ್ದಾರೆ ನಿನ್ನ.

ಬೇಡ ಕಣೆ. ಆ ಕುರ್ಚಿ ಬೇಡ. ನಿನ್ನನ್ನ ಕೂರಿಸೋ ಷೇರುದಾರರ ಸಭೆಗೆ ಇನ್ನೂ ಸಮಯ ಇದೆ, ಆಗಲ್ಲ ಅಂದುಬಿಡು. ಕಾರಣ ಬೇಕು ಅಂದರೆ ಅತ್ತೆ ಬಿದ್ದು ಸೊಂಟ ಮುರ್ಕೊಂಡಿದ್ದಾಳೆ, ನೋಡ್ಕೊಳ್ಳೋರಿಲ್ಲ ಅನ್ನು. ಬೇಕಾದರೆ ನಿಜವಾಗಲೂ ಬೀಳ್ತೀನಿ, ನನಗೇನು, ಹೇಗೂ ಮಂಡಿ ಸರಿ ಇಲ್ಲ. ಜನ ಆಡ್ಕೋತಾರೆ, ಆಡ್ಕೊಳ್ಳಲಿ. ಹೆಂಗಸಿಗೆ ಧೈರ್ಯ ಸಾಲದು ಅಂತಾರೆ, ಅನ್ನಲಿ. ನೀನು ಹಾಗೆ ಬಗ್ಗಿ ನಿಂತಿರೋದನ್ನ, ಮೇಲೇಳು ಅನ್ನೋರಿಲ್ಲದೆ ನಿಂತಿರೋದನ್ನ ಈ ಕಣ್ಣಲ್ಲಿ ನೋಡೋ ಶಕ್ತಿ ನನಗಿಲ್ಲ.

ಹಿದೆಕಾಜುಗೆ ಈ ಕಾಗದ ತೋರಿಸು, ಅವನೂ ಸ್ವಲ್ಪ ಹೆದರಲಿ. ನಿನ್ನ ಹೊಟ್ಟೆ ತಣ್ಣಗಿರಲಿ, ತಲೆ ಮೇಲೆ ಎತ್ತಿರಲಿ ಅಂತ ದಿನಾ ಗಂಟೆ ಬಾರಿಸಿ ಕೇಳ್ಕೋತಿದ್ದೀನಿ.

ನಿನ್ನ ಅತ್ತೆ,
ತೋಮಿಯೆ

ಮರೆತ ಮಾತು: ಸೋಮವಾರ. ಕಾಗದ ಅಂಚೆಗೆ ಹಾಕೋಣ ಅಂತ ಹೊರಟವಳು ಹಾಗೇ ಮಂಡಿ ತೋರಿಸಿಕೊಂಡು ಬರೋಣ ಅಂತ ಡಾಕ್ಟರ ಹತ್ತಿರ ಹೋದೆ. ಆ ಕಟ್ಟಡದ ಲಿಫ್ಟಿನ ಬಾಗಿಲ ಮೇಲೆ ತೆನ್‌ಮೊಕು ಅಂತ ಬರೆದಿದೆ. ಇಷ್ಟು ವರ್ಷ ಅದರಲ್ಲೇ ಹೋಗಿ ಬಂದಿದ್ದೀನಿ, ನನ್ನ ಸೊಸೆ ಕಂಪನಿದು ಅಂತ ಸಿಕ್ಕವರಿಗೆಲ್ಲ ಹೇಳಿದ್ದೀನಿ. ಇವತ್ತು ಕಾಲು ಒಳಗಿಡೋಕೆ ಆಗಲಿಲ್ಲ. ಅಷ್ಟರಲ್ಲಿ ಮಾತ್ಸುಯೆ ತನ್ನ ಮೊಮ್ಮಗಳು ಕೊಹಾರುನ ಅಲ್ಲೇ ಮೇಲಿರೋ ಹಲ್ಲಿನ ಡಾಕ್ಟರಿಗೆ ತೋರಿಸೋಕೆ ಕರ್ಕೊಂಡು ಬಂದಳು. "ಯಾಕೇ ನಿಂತಿದ್ದೀಯ, ನಿಮ್ಮದೇ ಲಿಫ್ಟಲ್ವಾ" ಅಂತ ನಗುತ್ತಾ ಮಗು ಜೊತೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಈ ಮಂಡಿ ಇಟ್ಕೊಂಡು ಮೆಟ್ಟಿಲು ಹತ್ತಿ ಓಡಿದೆ ಚಿಜುರು. ಮೇಲೆ ಬಾಗಿಲು ತೆಗೆದು ಆ ಮಗು "ಅಜ್ಜಿ!" ಅಂತ ಹೊರಗೆ ಬಂದಾಗ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಮೇಲೆ ಬರೆದಿದ್ದನ್ನ ಹರಿಯಲ್ಲ, ನನ್ನ ಭಯ ನಿನಗೂ ಗೊತ್ತಿರಲಿ. ಆದರೆ ಮಾತು ಬದಲಾಯಿಸ್ತೀನಿ. ಹೋಗು, ಆ ಕುರ್ಚಿ ಮೇಲೆ ಕೂರು. ನೀನು ಬೇಡ ಅಂದರೆ ಅವರು ಇನ್ನೊಂದು ತಲೆ ಹುಡುಕ್ತಾರೆ, ಲಿಫ್ಟು ಓಡ್ತಾನೇ ಇರುತ್ತೆ. ಕೂತ ದಿನವೇ, ಮೊದಲ ಮಾತೇ, ಪರೀಕ್ಷೆ ಆಗೋವರೆಗೂ ಎಲ್ಲ ಲಿಫ್ಟೂ ನಿಲ್ಲಿಸಿ ಅನ್ನು. ಅಧ್ಯಕ್ಷೆ ಹೇಳಿದರೆ ನಿಲ್ಲಿಸಲೇಬೇಕಲ್ಲ? ಸಿಂಪಿ ಬಡಿಸಬೇಡಿ ಅನ್ನೋಕೆ ನನಗೆ ಆ ಕುರ್ಚಿ ಇರಲಿಲ್ಲ. ಬಗ್ಗೋದು ಬಂದರೆ ಆಮೇಲೆ ಬಗ್ಗೋಣ, ನಾನೂ ಬಂದು ಪಕ್ಕದಲ್ಲಿ ನಿಲ್ತೀನಿ, ಸಾಕು ಏಳು ಅಂತ ನಾನೇ ಹೇಳ್ತೀನಿ.

ಮಾತ್ಸುಯೆಗೆ ಏನೂ ಹೇಳಿಲ್ಲ. ಕೊಹಾರುಗೆ ಮಾತ್ರ, ಇನ್ಮೇಲೆ ಅಜ್ಜಿ ಜೊತೆ ಮೆಟ್ಟಿಲು ಹತ್ತೋ ಆಟ ಆಡೋಣ ಅಂತ ಹೇಳಿದ್ದೀನಿ. ಮುಂದಿನ ಸೋಮವಾರ ಮತ್ತೆ ಬರೋಕೆ ಹೇಳಿದ್ದಾರೆ ಹಲ್ಲಿನ ಡಾಕ್ಟರು. ಮಕ್ಕಳಿಗೆ ಆಟ ಬೇಗ ಬೇಜಾರಾಗುತ್ತಮ್ಮ, ಬೇಗ ಕೂತ್ಕೋ.