ಹದಿಮೂರು ಸುತ್ತು

ನೌಬಾದ, ಬೀದರ
ರವಿವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ಸಪ್ರೇಮ ಜಯಭೀಮ. ನಿಮ್ಮ ಬಲಗಣ್ಣು ಹೇಗಿದೆ? ಆಪರೇಶನ್ ಆಗಿ ಇವತ್ತಿಗೆ ಇಪ್ಪತ್ತೆರಡು ದಿನ. ದಿನಕ್ಕೆ ನಾಲ್ಕು ಸಲ ಹನಿ ಹಾಕಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರೆ ನೀವು ಮೂರು ಸಲ ಹಾಕಿಕೊಂಡು ನಾಲ್ಕು ಅನ್ನುತ್ತೀರಂತೆ, ಅಣ್ಣ ನಾಗಸೇನ ಚಾಡಿ ಹೇಳಿದ. ಎಣಿಕೆಯಲ್ಲಿ ಎಂದೂ ತಪ್ಪದ ಮನುಷ್ಯ ನೀವು, ಈ ವಯಸ್ಸಿನಲ್ಲಿ ಇದೆಂಥ ಆಟ? ಕಪ್ಪು ಕನ್ನಡಕ ಹಾಕಿಕೊಂಡು ನಿಂತ ಫೋಟೋ ನೋಡಿದೆ. ಜಿಲ್ಲೆಯ ಸಾಹೇಬರು ದೌರಾಕ್ಕೆ ಬಂದ ಹಾಗಿದ್ದೀರಿ. ಅವ್ವನ ಮೊಣಕಾಲು ನೋವಿಗೆ ಇಲ್ಲಿಂದ ಎಣ್ಣೆ ಕಳಿಸುತ್ತೇನೆ, ನಾಂದೇಡದ ಥಂಡಿಯಲ್ಲಿ ಆಕೆ ಬೆಳಿಗ್ಗೆ ಬೇಗ ಏಳದಿರಲಿ. ಫೋನ್ ಮಾಡಬಹುದಿತ್ತಲ್ಲ, ಪತ್ರ ಯಾಕೆ ಎಂದು ನೀವು ಕೇಳಬಹುದು. ನಾನು ಫೋನ್ ಮಾಡಿದರೆ ನೀವು "ಹಾಂ, ಆರಾಮ ಅದೀನಿ, ಅವ್ವಗ ಕೊಡ್ತೀನಿ" ಅನ್ನುತ್ತೀರಿ. ಹತ್ತು ವರ್ಷದಿಂದ ನಮ್ಮಿಬ್ಬರ ಮಾತು ಅಷ್ಟೇ. ಹಾಗಾಗಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪಗೆ ಬರೆದಿದ್ದೇನೆ, ಎಡಗಣ್ಣಿಗೆ ಸಾಕು. ನಾಗಸೇನನ ಕೈಯಲ್ಲಿ ಓದಿಸಬೇಡಿ.

ಮುಂಜಾನೆಯಿಂದ ಇದು ನಾಲ್ಕನೆಯ ಹಾಳೆ. ಎರಡು ಸಲ ಮಾಳಿಗೆ ಹತ್ತಿ ಇಳಿದೆ, ಬೇಡದಿದ್ದರೂ ಚಹಾ ಮಾಡಿ ಕುಡಿಯದೆ ಇಟ್ಟೆ. ನಿಮಗೆ ಒಂದು ಮಾತು ಹೇಳುವುದಿದೆ, ಅದರ ಹತ್ತಿರ ಬಂದಾಗಲೆಲ್ಲ ಹಾಳೆ ಹರಿಯುತ್ತೇನೆ. ಮೊದಲು ಬೇರೆ ಸುದ್ದಿ ಬರೆಯುತ್ತೇನೆ, ಬರೆಯುತ್ತ ಬರೆಯುತ್ತ ಧೈರ್ಯ ಬಂದರೆ ಬರಲಿ.

ಈ ವರ್ಷ ಭಾಲ್ಕಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ನನಗೆ ದ್ರವಶಾಸ್ತ್ರ ಕೊಟ್ಟಿದ್ದಾರೆ. ನೀವು ಇಪ್ಪತ್ತು ವರ್ಷ ಔರಾದದಲ್ಲಿ ನೀರು ಬಿಡುವವರಾಗಿ ಕೈಯಿಂದ ಮಾಡಿದ ಕೆಲಸವನ್ನೇ ನಾನು ಬೋರ್ಡಿನ ಮೇಲೆ ಮಾಡುತ್ತೇನೆ. ನೀರು ಪೈಪಿನಲ್ಲಿ ಹೇಗೆ ಹೋಗುತ್ತದೆ, ಎಷ್ಟು ಹೋಗುತ್ತದೆ, ಎಲ್ಲಿ ತಡೆಯುತ್ತದೆ. ಹುಡುಗರ ಪ್ರಶ್ನೆಗಳು ವರ್ಷವರ್ಷವೂ ಅವೇ. ಪೈಪು ಸಣ್ಣದಾದಲ್ಲಿ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ ಎಂದರೆ ಒಬ್ಬರೂ ನಂಬುವುದಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಗೋಡೆಯಾಚೆ ಹಾರುತ್ತದಲ್ಲ, ಹಾಗಾದರೆ ಒತ್ತಡ ಹೆಚ್ಚಾಯಿತಲ್ಲ ಎಂದು ಜಗಳಕ್ಕೇ ಬರುತ್ತಾರೆ. ಬೆರಳಿನ ಹಿಂದೆ ಒತ್ತಡ ಏರುತ್ತದೆ, ಸಂದಿಯಿಂದ ಹಾರುವಾಗ ಅದೇ ವೇಗವಾಗುತ್ತದೆ ಎಂದು ತಿಳಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇನ್ನು ಲೆಕ್ಕದ ಪೇಪರು ನೋಡಿದರೆ ನಗುವುದೋ ಅಳುವುದೋ. ಪ್ರಥಮೇಶ ಎಂಬ ಜಾಣ ಮಿಲಿಮೀಟರನ್ನು ಮೀಟರು ಮಾಡುವುದು ಮರೆತು ನೀರಿನ ವೇಗ ಸೆಕೆಂಡಿಗೆ ಮೂರು ಸಾವಿರ ಮೀಟರು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಅವನ ಲೆಕ್ಕದಲ್ಲಿ ಬೀದರದಲ್ಲಿ ಬಿಟ್ಟ ನೀರು ಕಾಲು ನಿಮಿಷದಲ್ಲಿ ಔರಾದ ಮುಟ್ಟುತ್ತದೆ. ನಮ್ಮ ಬಸ್ಸಿಗೆ ಒಂದೂವರೆ ತಾಸು ಬೇಕು, ಅದೂ ಡ್ರೈವರ ನಡುವೆ ಚಹಾಕ್ಕೆ ಇಳಿಯದಿದ್ದರೆ.

ನಗಬೇಡಿ, ಮುಂದಿನದು ನಗುವಂಥದಲ್ಲ. ಎರಡು ವಾರದ ಹಿಂದೆ ಅಜೀಜಾ ಬೇಗಂ ಎಂಬ ಹುಡುಗಿ ಎದ್ದು ನಿಂತಳು. ಔರಾದದವಳೇ, ನಮ್ಮ ಓಣಿಗೆ ಹತ್ತಿದ ಓಣಿ. ಗವಂಡಿ ಸಲಾವೋದ್ದೀನರ ಮಗಳು ಎಂದರೆ ನಿಮಗೆ ಗುರುತು ಹತ್ತುತ್ತದೆ. ನೀರಿನ ಟಾಕಿ ಎತ್ತರದಲ್ಲಿದೆ, ನಮ್ಮ ಮನೆ ತಗ್ಗಿನಲ್ಲಿದೆ, ಪುಸ್ತಕದ ಪ್ರಕಾರ ನೀರು ಬರಲೇಬೇಕು, ಮತ್ತೆ ನೀರಿನ ದಿನ ನಳದಲ್ಲಿ ದಾರದಂತೆ ಸೋರಿ ನಿಲ್ಲುವುದು ಯಾಕೆ ಎಂದು ಕೇಳಿದಳು. ಪುಸ್ತಕದ ನೀರಿಗೆ ತಿಕ್ಕಾಟವಿಲ್ಲ, ನಮ್ಮ ಪೈಪಿನ ನೀರಿಗೆ ಇದೆ ಎಂದು ಹೇಳಿ ಕೂರಿಸಿದೆ. ಮರುದಿನ ನಾಲ್ಕು ಪುಟ ಲೆಕ್ಕ ಮಾಡಿಕೊಂಡು ಬಂದಳು. ಟಾಕಿ, ದಿಬ್ಬ, ನಾಲಾ, ಮನೆ ಎಲ್ಲದರ ಮಟ್ಟವನ್ನೂ ಅಪ್ಪನನ್ನು ಕರೆದುಕೊಂಡು ಹೋಗಿ ಅಳೆದಿದ್ದಾಳೆ. ತಿಕ್ಕಾಟವನ್ನೆಲ್ಲ ಕಳೆದರೂ ನಿಮಿಷಕ್ಕೆ ಎರಡು ಕೊಡ ಬರಬೇಕು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂತು ಅಪ್ಪಾ, ಉತ್ತರ ಗೊತ್ತಿಲ್ಲದಾಗ ಮಾಸ್ತರರಿಗೆ ಬರುತ್ತದಲ್ಲ, ಆ ಸಿಟ್ಟು. ವಾಲ್ ಪೂರ್ತಿ ಬಿಚ್ಚುತ್ತಿಲ್ಲ, ನೀರು ಬಿಡುವವನು ಮೋಸ ಮಾಡುತ್ತಿದ್ದಾನೆ ಎಂದುಬಿಟ್ಟೆ. ಆ ಹುಡುಗಿ ಮೆಲ್ಲಗೆ, "ಇಲ್ರಿ ಮೇಡಂ, ನಾನೇ ನಿಂತು ಎಣಿಸೀನಿ. ಹದಿಮೂರು ಸುತ್ತು ಪೂರಾ ಬಿಚ್ತಾರ" ಅಂದಳು.

ಹದಿಮೂರು ಎಂಬ ಮಾತು ಕಿವಿಗೆ ಬಿದ್ದೊಡನೆ ಬೋರ್ಡು ಒರೆಸುತ್ತಿದ್ದವಳು ತಿರುಗಿ ನಿಂತೆ. ನೀವು ದೊಡ್ಡ ಚಾವಿ ಹಾಕಿ ವಾಲ್ ತಿರುಗಿಸುವಾಗ ಜೋರಾಗಿ ಎಣಿಸುತ್ತಿದ್ದಿರಿ. ಎರಡೂ ಓಣಿಯ ಮಕ್ಕಳು ನಿಮ್ಮ ಸುತ್ತ ನಿಂತು ಎಣಿಸುತ್ತಿದ್ದೆವು. ಸಾಲೆಗೆ ಹೋಗುವ ಮೊದಲೇ ನನಗೆ ಹದಿಮೂರರ ತನಕ ಬರುತ್ತಿತ್ತು, ಹದಿನಾಲ್ಕು ಮಾಸ್ತರರು ಕಲಿಸಿದರು. ಆಮೇಲೆ, ಹತ್ತು ವರ್ಷದ ಹಿಂದೆ, ನಮ್ಮ ಓಣಿಗೆ ನೀರು ನಿಂತಿತು. ನೀವು "ಪೈಪಿನಾಗ ಗಾಳಿ ಕೂತದ, ಗಾಳಿ ಬಿಡ್ಬೇಕು" ಎಂದು ಕಚೇರಿಗೆ ಹೋಗಿ ಹೇಳಿದಿರಿ, ಓಣಿಯ ಕಟ್ಟೆಯ ಮೇಲೆ ಕೂತು ಹೇಳಿದಿರಿ. ಎಲ್ಲರೂ ನಕ್ಕರು. ಕಾಶೀರಾಮ ದೊಡ್ಡ ಮಂದಿಯ ಓಣಿಗೆ ಪೂರ್ತಿ ಬಿಚ್ಚಿ ತನ್ನವರಿಗೆ ಅರ್ಧ ಬಿಚ್ಚುತ್ತಾನೆ, ಅವರ ಸಲಾಮಿಗೆ ಬಿದ್ದಿದ್ದಾನೆ ಎಂದು ನಿಮ್ಮ ಮೇಲೇ ಹೊರಿಸಿದರು. ನಾನು ಆಗ ಬೀದರದಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷ, ಇದೇ ವಿಷಯ ಓದುತ್ತಿದ್ದೆ. ಗಾಳಿ ಹಗುರ, ನೀರು ಭಾರ, ಹಗುರಾದದ್ದು ಭಾರವಾದದ್ದನ್ನು ಹೇಗೆ ತಡೆಯುತ್ತದೆ ಎಂದು ಎಲ್ಲರೆದುರು ನಿಮಗೆ ಪಾಠ ಹೇಳಿದೆ. ನೀವು ಚಾವಿ ಹೆಗಲಿಗೇರಿಸಿ ಎದ್ದು ಹೋದಿರಿ. ನಂತರ ಓಣಿಯವರು ಅರ್ಜಿ ಕೊಟ್ಟರು. ನೀವು ಕಚೇರಿಯ ಮೇಜಿನ ಮೇಲೆ ಚಾವಿ ಇಟ್ಟು ಬಂದಿರಿ. ನಾಗಸೇನನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಯಿತು, ನಾಂದೇಡಕ್ಕೆ ಹೋದವರು ಔರಾದದ ಕಡೆ ತಿರುಗಿ ನೋಡಲಿಲ್ಲ.

ಅಜೀಜಾ ಮರುದಿನ ಅವಳಪ್ಪನ ಲೆವೆಲ್ ಪೈಪು ತಂದಳು. ಗವಂಡಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು. ಕೆಲಸಕ್ಕೆ ಮೊದಲು ಸಲಾವೋದ್ದೀನರು ಅದನ್ನು ಬೆರಳಿನಿಂದ ಟಕಟಕ ಬಡಿದು ಗುಳ್ಳೆಯನ್ನೆಲ್ಲ ಹೊರಗೆ ಹಾಕುತ್ತಾರಂತೆ. "ಪೈಪಿನಾಗ ಗಾಳಿ ಕೂತ್ರ ನೀರೂ ಸುಳ್ಳ ಹೇಳ್ತದ" ಎಂಬುದು ಅವರ ಮಾತು. ಲ್ಯಾಬಿನ ಕಪಾಟಿನ ಮೇಲೆ ಬಕೆಟ್ ಇಟ್ಟೆವು. ಪೈಪನ್ನು ಎತ್ತರದ ಮೇಜಿನ ಮೇಲೆ ಹಾಯಿಸಿ, ನೆಲಕ್ಕೆ ಇಳಿಸಿ, ಮತ್ತೆ ಒಂದು ಸ್ಟೂಲಿನ ಮೇಲೆ ತಂದು ಬಾಯಿ ಬಿಟ್ಟೆವು. ಟಾಕಿ, ದಿಬ್ಬ, ನಾಲಾ, ನಮ್ಮ ಓಣಿ. ಸ್ಟೂಲು ಬಕೆಟ್ಟಿಗಿಂತ ಎಷ್ಟೋ ತಗ್ಗಿನಲ್ಲಿತ್ತು. ನೀರು ಬಿಟ್ಟೆವು. ಮೇಜು ಮುಟ್ಟಿತು, ಆಚೆ ಸ್ವಲ್ಪ ಜಾರಿತು, ನೆಲದ ಮೇಲೆ ಬಿದ್ದುಕೊಂಡಿತು. ಮೇಜಿನಿಂದ ನೆಲದ ತನಕ ಪೈಪಿನಲ್ಲಿ ಗಾಳಿ. ಹಿಂದೆಯೂ ನೀರು, ಮುಂದೆಯೂ ನೀರು, ನಡುವೆ ಸಿಕ್ಕಿದ ಗಾಳಿಗೆ ಹೋಗಲು ದಾರಿಯಿಲ್ಲ. ಸ್ಟೂಲಿನ ಮೇಲೆ ಒಂದು ಹನಿ ಬರಲಿಲ್ಲ. ಅಜೀಜಾ ತನ್ನ ಓಢಣಿಯ ಪಿನ್ನು ತೆಗೆದು ಮೇಜಿನ ಮೇಲಿದ್ದ ಪೈಪಿಗೆ ಚುಚ್ಚಿದಳು. ಸುಯ್ ಎಂದು ಗಾಳಿ ಹೋಯಿತು, ನೀರು ಹರಿಯಿತು, ಇಡೀ ವರ್ಗ ಚಪ್ಪಾಳೆ ಹೊಡೆಯಿತು. ನಾನು ಹೊರಗೆ ಬಂದು ಕೈತೊಳೆಯುವ ನಳದ ಹತ್ತಿರ ನಿಂತು ಅತ್ತೆ. ಹುಡುಗರು ಮೇಡಂಗೆ ಖುಷಿಯಾಗಿದೆ ಎಂದುಕೊಂಡರು.

ಮುಂದೆ ನಿದ್ದೆ ಎಲ್ಲಿಯದು? ನಿನ್ನೆ ಶನಿವಾರ, ಐದು ದಿನಕ್ಕೊಮ್ಮೆ ಬರುವ ನೀರಿನ ದಿನ. ಮೊದಲ ಬಸ್ಸಿಗೆ ಔರಾದಕ್ಕೆ ಹೋದೆ. ಈಗ ನೀರು ಬಿಡುವವನು ಶಿವರಾಜ, ನೀವೇ ಕೆಲಸ ಕಲಿಸಿದವನು. ನಿಮ್ಮ ಪಾಲಿನ ಬೈಗುಳವನ್ನೂ ಈಗ ಅವನೇ ತಿನ್ನುತ್ತಾನೆ. ದಿಬ್ಬದ ನೆತ್ತಿಯಲ್ಲಿ ಒಂದು ಕಡೆ ಅಗೆದು ಗಾಳಿ ಬಿಡಲು ಚಿಕ್ಕ ನಳ ಕೂರಿಸೋಣ ಎಂದೆ. ಅವನು ಕಚೇರಿಯವರನ್ನು ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದ. ಸಲಾವೋದ್ದೀನರು ಸಿಮೆಂಟು ರಸ್ತೆಯ ಅಂಚನ್ನು ಒಡೆದು ಗುದ್ದಲಿ ಹಾಕಿದರು. ಮೊಣಕಾಲು ಆಳ ಹೋಗುವಷ್ಟರಲ್ಲಿ ಗುದ್ದಲಿಗೆ ಏನೋ ಟಣ್ ಅಂದಿತು. ಕೈಯಿಂದ ಮಣ್ಣು ತೆಗೆದರು. ಅಲ್ಲಿ ನಳ ಆಗಲೇ ಇತ್ತು ಅಪ್ಪಾ. ಹೆಬ್ಬೆರಳಿನಷ್ಟು ಹಿತ್ತಾಳೆಯ ನಳ, ಬುಡಕ್ಕೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದದ್ದು. ಯಾರ ಕೈಕೆಲಸ ಎಂದು ಯಾರೂ ಕೇಳಲಿಲ್ಲ. ನೀರಿನ ದಿನ ವಾಲ್ ಬಿಚ್ಚಿ ನೀವು ನೇರ ದಿಬ್ಬಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದದ್ದನ್ನು ಎರಡೂ ಓಣಿ ನೋಡಿದೆ. ನೀರು ಬಿಟ್ಟು ಬೀಡಿ ಸೇದಲು ಹೋದ ಎಂದು ಆಡಿಕೊಂಡದ್ದೂ ನೆನಪಿದೆ. ಆ ವರ್ಷ ರಸ್ತೆ ಮಾಡಿದವರು ನಳವನ್ನು ಮುಚ್ಚಿ ಹೋದರು, ಅದರ ಮರುವಾರವೇ ನೀರು ನಿಂತಿತು. ನಗುವವರ ನಡುವೆ ಹೊಸ ರಸ್ತೆ ಒಡೆಯಲು ನಿಮಗೆ ಯಾರು ಬಿಡುತ್ತಿದ್ದರು? ಅಷ್ಟು ಸಣ್ಣ ಲೆಕ್ಕ ನಮಗ್ಯಾರಿಗೂ ಹೊಳೆಯಲಿಲ್ಲ.

ಶಿವರಾಜ ಹದಿಮೂರು ಸುತ್ತು ಬಿಚ್ಚಿ ಬಂದ. ನಳ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತಿರುಗಿಸಿದರು. ಎಂಟು ನಿಮಿಷ ಬರಿ ಗಾಳಿ. ಬಳಿಕ ಎರಡು ಸಲ ಕೆಮ್ಮಿ ನೀರು ಉಗುಳಿತು, ನಳ ಮುಚ್ಚಿದರು. ಕೆಳಗಿನಿಂದ ಹೆಂಗಸರ ಕೂಗು ಕೇಳಿತು. ಓಡಿ ಹೋಗಿ ನೋಡಿದರೆ ನಮ್ಮ ಅಂಗಳದ ನಳ ಕೊಡವನ್ನೇ ಉರುಳಿಸುವಂತೆ ಸುರಿಯುತ್ತಿತ್ತು. ಅಂಜನಾಬಾಯಿ ಅತ್ತೆ ಕೊಡ ಎತ್ತಲಿಲ್ಲ, ಹೊಸ್ತಿಲ ಮೇಲೆ ಕೂತುಬಿಟ್ಟಳು. "ಕಾಶಿ ಬೀಡಿ ಸೇದ್ಲಿಕ್ಕ ಹೋಗ್ತಾನಂತ ಅಕ್ಕ ಆಗಿ ನಾನೂ ಅಂದಿದ್ದೆ" ಎಂದಳು. ಅಷ್ಟೇ ಅಂದು ಸೆರಗು ಬಾಯಿಗೆ ಹಿಡಿದಳು. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಉಳಿದ ಏಳು ಜನ ಸಂಜೆ ಬುದ್ಧವಿಹಾರದಲ್ಲಿ ಕೂಡಿದರು. ನಿಮ್ಮನ್ನು ಕರೆಸಬೇಕು, ಇದೇ ತಿಂಗಳು ಇಪ್ಪತ್ನಾಲ್ಕರ ರವಿವಾರ ನೀರಿನ ಸರದಿ, ಅವತ್ತು ಚಾವಿ ನಿಮ್ಮ ಕೈಯಲ್ಲೇ ಇರಬೇಕು ಎಂದು ತೀರ್ಮಾನ ಆಯಿತು. ಶಿವರಾಜನೂ ಒಪ್ಪಿದ್ದಾನೆ. ಫೋನ್ ಮಾಡುತ್ತೇವೆ ಎಂದರು, ನಾಲ್ಕೈದು ದಿನ ತಡೆಯಿರಿ, ಮೊದಲು ನನ್ನ ಪತ್ರ ಮುಟ್ಟಲಿ ಎಂದು ಕೈಮುಗಿದು ನಿಲ್ಲಿಸಿದ್ದೇನೆ. ನೀವು ಬರಬೇಕು ಅಪ್ಪಾ. ದೇಗಲೂರ ಮೇಲೆ ಬರುವ ಬಸ್ಸಿಗೆ ಕೂತರೆ ಎಲ್ಲಿಯೂ ಇಳಿದು ಹತ್ತುವ ಗೋಜಿಲ್ಲ, ನಾನು ಔರಾದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆಯಿಂದ ಕಾಯುತ್ತೇನೆ.

ಸಲಾವೋದ್ದೀನರು ತಮ್ಮ ಪೈಪು ತೂತಾದದ್ದಕ್ಕೆ ಮಗಳನ್ನು ಬೈದು, ನಿಮಗೆ ಸಲಾಮ ಹೇಳಿದ್ದಾರೆ. ಹೊಸ ಪೈಪು ನಾನು ಕೊಡಿಸುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ, ನಾಗಸೇನನ ಕೂಸಿಗೆ ಮುದ್ದು. ಕಣ್ಣಿನ ಹನಿ ನಾಲ್ಕು ಸಲ, ಮರೆಯಬೇಡಿ.

ನಿಮ್ಮ ಮಗಳು,
ಮನಿಷಾ

ತಾ.ಕ.: ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಆ ಅರ್ಜಿ ಬರೆದದ್ದು ನಾನು. ಓಣಿಯಲ್ಲಿ ಕಲಿತವಳು ಅಂತ ಕಾಗದ ನನ್ನ ಕೈಗೆ ಕೊಟ್ಟರು, ನಾನು ಬೇಡ ಅನ್ನಲಿಲ್ಲ. "ವಾಲ್ ಬೇಕೆಂದೇ ಅರ್ಧ ಬಿಚ್ಚುತ್ತಾರೆ" ಎಂಬ ಸಾಲು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಸೇರಿಸಿದ್ದು. ಕಚೇರಿಯಲ್ಲಿ ಆ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಓದಿಸಿದ ದಿನ ನೀವು ಮನೆಗೆ ಬಂದು ಕೈಕಾಲು ತೊಳೆದು, "ಮನಿಷಾ, ನಿನ್ನ ಅಕ್ಷರ ಭಾಳ ಚಂದ ಅದಾವ" ಅಂದಿರಿ. ಅದರ ನಂತರ ಒಂದು ಸಾಲನ್ನೂ ನನ್ನಿಂದ ಬರೆಸಲಿಲ್ಲ. ಗೊತ್ತಿದ್ದೇ ಅಂದಿರೇನು ಎಂದು ಹತ್ತು ವರ್ಷ ಕೇಳದೆ ಕಳೆದೆ. ಇದು ಅದೇ ಅಕ್ಷರ ಅಪ್ಪಾ, ನೆನಪಿನ ಆ ಕಾಗದದ ಪಕ್ಕ ಇಟ್ಟು ನೋಡಿ. ಇಪ್ಪತ್ನಾಲ್ಕಕ್ಕೆ ಓಣಿಗಾಗಿ ಬರುವುದಾದರೆ ನಾನು ದೂರ ನಿಲ್ಲುತ್ತೇನೆ. ನನಗಾಗಿಯೂ ಬರುವುದಾದರೆ, ವಾಲ್ ಬಿಚ್ಚುವಾಗ ಮೊದಲಿನ ಹಾಗೆ ಜೋರಾಗಿ ಎಣಿಸಿ. ನಾನು ದಿಬ್ಬದ ಮೇಲೆ ಆ ನಳದ ಹತ್ತಿರ ಕೂತಿರುತ್ತೇನೆ, ನನಗೆ ಕೇಳಿಸುತ್ತದೆ.