ಮೊಗ್ಗಿಗೆ ಬೇಕಾದ ಚಳಿ

ಅಕ್ಟೋಬರ್ ೧೯, ಬೆಳಿಗ್ಗೆ ೬.೩೦
ಹೊರಗೆ ಎರಡು ಡಿಗ್ರಿ. ಉತ್ತರ ಗಡಿಯ ನಮ್ಮ ಊರು ಚೊರ್‌ವೊನ್‌ನ ಚಳಿಗಾಲಕ್ಕೆ ಇದು ಪೀಠಿಕೆ ಮಾತ್ರ. ಆರ್ಕಿಡ್ಡಿನ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬುಡದಲ್ಲಿ ಮೊಗ್ಗು — ಒಂದೇ ಒಂದು. ಕಳೆದ ಮೂರು ವರ್ಷವೂ ಹೀಗೆಯೇ ಕಾಣಿಸಿಕೊಂಡು, ಜನವರಿಯಲ್ಲಿ ಕಪ್ಪಾಗಿ ಒಣಗಿತು. ಕೆಳಗಿನಿಂದ ಕಾಯಿಸುವ ಬಿಸಿನೆಲದ ಅತ್ಯಂತ ಬೆಚ್ಚಗಿನ ಭಾಗವನ್ನು, ಹಿರಿಯರು ಬಂದರೆ ಕೂರಿಸುವ ಜಾಗವನ್ನು, ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನಾನು ಮಲಗುವುದು ತಣ್ಣನೆಯ ಬದಿಯಲ್ಲಿ. ಆದರೂ ಗಿಡಕ್ಕೆ ಚಳಿ ಹೇಗೋ ತಾಗುತ್ತಿದೆ.

ಈ ವರ್ಷ ಗಾಜಿನ ಮನೆ ಕಟ್ಟಿಸುವುದೇ ಸರಿ. ಒಳ್ಳೆಯ ಹೀಟರ್ ಇರುವಂಥದು.

ಅಕ್ಟೋಬರ್ ೨೦
ಗಿಡ ನನ್ನ ಹೆಂಡತಿ ಜೊಂಗ್‌ನಿಮ್‌ಳದು. ದಕ್ಷಿಣದ ವಾಂಡೊ ದ್ವೀಪದ, ತವರಿನ ಗುಡ್ಡದಿಂದ ತಂದದ್ದು. ನಾನು ನಿವೃತ್ತನಾದ ಮರುತಿಂಗಳೇ ಅವಳು ಅಲ್ಲಿಗೆ, ಅಕ್ಕನ ಮನೆಗೆ ಹೊರಟಳು. ವಿಚ್ಛೇದನವಿಲ್ಲ, ಜಗಳವಿಲ್ಲ, ಮನೆ ಮಾತ್ರ ಬೇರೆ. ಈಚೆಗೆ ನಮ್ಮ ವಯಸ್ಸಿನ ಹಲವರು ಹೀಗೆ ಮಾಡುತ್ತಾರಂತೆ. ‘ದಾಂಪತ್ಯದಲ್ಲಿ ತೇರ್ಗಡೆ’ ಎಂದು ಅದಕ್ಕೆ ಹೆಸರು. ಯಾರು ಯಾರನ್ನು ತೇರ್ಗಡೆ ಮಾಡಿದರೋ.

ಕುಂಡವನ್ನು ಬಿಟ್ಟುಹೋದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ಹೂ ಬಿಟ್ರೆ ತಿಳ್ಸಿ. ನೋಡೋಕೆ ಬರ್ತೀನಿ” ಎಂದಳು.

ಬೇರೆ ಯಾವ ಕಾರಣಕ್ಕೂ ಬರುವೆನೆಂದು ಹೇಳಲಿಲ್ಲ. ಹಬ್ಬಕ್ಕೊಮ್ಮೆ ಫೋನ್ — ಊಟ, ಆರೋಗ್ಯ, ಹವಾಮಾನ. ಅರ್ಧ ನಿಮಿಷ.

ಅಕ್ಟೋಬರ್ ೨೭
ಗಾಜಿನ ಮನೆ ಮಾರುವ ಅಂಗಡಿಗೆ ಹೋದೆ. ಮಾಲಕಿ ಬಾಂಗ್ ನನ್ನ ಹಳೆಯ ವಿದ್ಯಾರ್ಥಿನಿ. ಪ್ರಬಂಧದಲ್ಲಿ ಎಂದೂ ಪೂರ್ಣವಿರಾಮ ಹಾಕದವಳು. ಮರದ ಚೌಕಟ್ಟು, ಅಲ್ಯೂಮಿನಿಯಂ ಚೌಕಟ್ಟು, ಒಂಟಿ ಗಾಜು, ಜೋಡಿ ಗಾಜು ಎಲ್ಲವನ್ನೂ ತೋರಿಸಿದಳು. ನಾನು ಅತಿ ದೊಡ್ಡ ಹೀಟರ್ ಇರುವುದರ ಮುಂದೆ ನಿಂತೆ. ಯಾವ ಗಿಡ ಎಂದು ಕೇಳಿದಳು. ಹೇಳಿದೆ. ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ಅದನ್ನೂ ಹೇಳಿದೆ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ಮೇಷ್ಟ್ರೇ, ಅದು ಗುಡ್ಡದ ಗಿಡ. ಎರಡು ತಿಂಗ್ಳು ಚಳಿ ತಿನ್ನದೆ ಮೊಗ್ಗು ಅರಳೋದೇ ಇಲ್ಲ. ನೀವು ಅದನ್ನ ನೆಂಟರ ಥರ ಕೂರ್ಸಿ ಬೇಯಿಸ್ತಾ ಇದೀರಿ.”

ಮೂರು ಮೊಗ್ಗುಗಳನ್ನು ಕೊಂದದ್ದು ನಾನೇ ಎಂದಾಯಿತು.

“ಡಿಸೆಂಬರ್‌ನಲ್ಲೂ ಕಿಟಕಿ ತೆಗ್ಸಿ ನಮಗೆ ಪಾಠ ಮಾಡ್ತಿದ್ರಿ. ಗಿಡಕ್ಕೆ ಮಾತ್ರ ಏನು ಇಷ್ಟು ಮುದ್ದು?”

ಹಿಂತಿರುಗುವಾಗ ಗ್ರಂಥಾಲಯದಲ್ಲಿ ಎರಡು ಪುಸ್ತಕ ತೆಗೆಸಿ ನೋಡಿದೆ. ಅವಳು ಹೇಳಿದ್ದು ಸರಿ.

ನವೆಂಬರ್ ೩
ಅತಿ ಚಿಕ್ಕದನ್ನು ಆರಿಸಿದೆ. ದಕ್ಷಿಣದ ಗೋಡೆಗೆ ಆನಿಸಿ ನಿಲ್ಲಿಸುವಂಥದು. ಹಿಮ ಜಾರಿಹೋಗಲು ಕಡಿದಾದ ಮಾಡು. ಗಾಜಿನ ಬದಲು ಜೋಡಿಪದರದ ಪ್ಲಾಸ್ಟಿಕ್ ಹಾಳೆ. ಗಾಜೇ ಇಲ್ಲದ್ದನ್ನು ಗಾಜಿನ ಮನೆ ಎನ್ನುವುದು ಅಶುದ್ಧ ಪ್ರಯೋಗ... ಇರಲಿ. ಬೇರು ಹೆಪ್ಪುಗಟ್ಟದಂತೆ, ಒಂದು ಡಿಗ್ರಿಗಿಂತ ಕೆಳಗೆ ಇಳಿದಾಗ ಮಾತ್ರ ಉರಿಯುವ ಪುಟ್ಟ ಹೀಟರ್. ಐದು ದಾಟಿದರೆ ಕಿಟಕಿ ತೆರೆಯಬೇಕೆಂದು ಬಾಂಗ್ ಚೀಟಿಯಲ್ಲಿ ಬರೆದುಕೊಟ್ಟಳು. ಪೂರ್ಣವಿರಾಮವಿಲ್ಲ. ತಿದ್ದಲಿಲ್ಲ.

ಡಿಸೆಂಬರ್ ೨೧
ಹೊರಗೆ ಮೈನಸ್ ಹದಿನಾಲ್ಕು, ಒಳಗೆ ಎರಡು. ಎಲೆಗಳು ಮಂಕಾಗಿವೆ. ಕುಂಡವನ್ನು ಮನೆಯೊಳಗೆ ತರಲೆಂದು ಮೂರು ಸಲ ಚಿಲಕಕ್ಕೆ ಕೈ ಹಾಕಿದೆ. ತರಲಿಲ್ಲ. ಏನೂ ಮಾಡದಿರುವುದು ಇಷ್ಟು ಶ್ರಮದ ಕೆಲಸವೆಂದು ತಿಳಿದಿರಲಿಲ್ಲ.

ಜನವರಿ ೨೪
ಮೈನಸ್ ಇಪ್ಪತ್ತೊಂದು. ಭೂತಗನ್ನಡಿ ಹಿಡಿದು ನೋಡಿದೆ. ಮೊಗ್ಗು ಕಪ್ಪಾಗಿಲ್ಲ.

ಫೋನ್ ಎತ್ತಿದೆ, ಕೆಳಗಿಟ್ಟೆ. ಹೂ ಬಿಟ್ಟರೆ ಎಂದಿದ್ದಳು. ಮೊಗ್ಗಿನ ಮಾತು ಆಡಿರಲಿಲ್ಲ.

ಮಾರ್ಚ್ ೧೧, ಬೆಳಿಗ್ಗೆ ೧೦
ಅರಳಿದೆ. ತಿಳಿಹಸಿರು. ತುಟಿಯಂಥ ಎಸಳಿನ ಮೇಲೆ ಕೆಂಪು ಚುಕ್ಕೆ, ಎರಡು. ಸುವಾಸನೆಯಿಲ್ಲ. ಬಗ್ಗಿ ಮೂಸಿ ಮೂಸಿ ಸೊಂಟ ಹಿಡಿಯಿತು.

ಫೋನ್ ಮಾಡಿದೆ. ಹಬ್ಬವಿಲ್ಲದ ದಿನ ನನ್ನ ಧ್ವನಿ ಕೇಳಿ ಗಾಬರಿಯಾದಳು. ಹೇಳಿದೆ. ಅವಳ ಹಿಂದೆ ದೋಣಿಯ ಎಂಜಿನ್ ಸದ್ದು.

“ಹೇಗೆ ಅರಳಿಸಿದ್ರಿ?”

“ಚಳೀಲಿ ಇಟ್ಟೆ. ಮುಟ್ಟಲಿಲ್ಲ. ಅದರ ಪಾಡಿಗೆ ಬಿಟ್ಟೆ.”

“ಮೂವತ್ನಾಕು ವರ್ಷ ಜೊತೇಲಿದ್ದೆ. ನೀವು ಏನನ್ನಾದ್ರೂ ಅದರ ಪಾಡಿಗೆ ಬಿಟ್ಟಿದ್ದು ನೋಡಿರ್ಲಿಲ್ಲ.”

ಅವಳ ಮಾತಿನಲ್ಲಿ ದಕ್ಷಿಣದ ರಾಗ ಪೂರ್ತಿ ಮರಳಿದೆ. ಒಂದು ಕಾಲದಲ್ಲಿ ಅದನ್ನು ಊಟದ ನಡುವೆಯೇ ತಿದ್ದುತ್ತಿದ್ದೆ. ಇಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

ಬರಲಾಗುವುದಿಲ್ಲವಂತೆ. ಕಡಲಪಾಚಿಯ ಕೊಯ್ಲು, ಅಕ್ಕನ ಕೈ ಬೇರೆ ಉಳುಕಿದೆ. ಆಗಲಿ ಎಂದೆ. ಕೊಯ್ಲು ಮುಖ್ಯ ಎಂದೆ. ಫೋನ್ ಇಡಲಾರದೆ ನಿಂತಿದ್ದೆ. ಅವಳೂ ಇಡಲಿಲ್ಲ.

“ಹೂ ಎಷ್ಟು ದಿನ ಇರತ್ತೆ?”

ತಂಪಿನಲ್ಲಿದ್ದರೆ ಇಪ್ಪತ್ತು ದಿನ ಎಂದೆ.

“ಹಾಗಾದ್ರೆ ತಗೊಂಡು ಬನ್ನಿ. ಬಸ್ಸಲ್ಲಿ ಹೀಟರ್ ಪಕ್ಕ ಕೂರ್ಬೇಡಿ.”

ಮಾರ್ಚ್ ೧೪, ಮಧ್ಯಾಹ್ನ ೩.೪೦, ಬಸ್ಸಿನಲ್ಲಿ
ಬಾಗಿಲ ಬಳಿಯ ಸೀಟು. ಗಾಳಿ ನುಗ್ಗುತ್ತದೆ. ರಟ್ಟಿನ ಪೆಟ್ಟಿಗೆ ತೊಡೆಯ ಮೇಲೆ. ಪಕ್ಕದ ಮುದುಕಿ ನನ್ನ ಕಾಲಿಗೂ ತನ್ನ ಶಾಲು ಹೊದಿಸಿದಳು. ಬಸ್ಸು ವಾಂಡೊ ಸೇತುವೆ ದಾಟಿತು. ಮೊದಲು ಆಡಬೇಕಾದ ವಾಕ್ಯವನ್ನು ಸಿಯೋಲಿನಲ್ಲಿ ಬಸ್ಸು ಹತ್ತಿದಾಗಿನಿಂದ ಬರೆದು ಹೊಡೆದುಹಾಕುತ್ತಿದ್ದೇನೆ. ಒಂದೂ ಸರಿಯಿಲ್ಲ. ಯಾವುದನ್ನು ಓದಿದರೂ ಶಾಲೆಯ ಸೂಚನೆಯಂತೆ ಕೇಳಿಸುತ್ತದೆ.

ನಿಲ್ದಾಣ. ಇದ್ದಾಳೆ. ರಬ್ಬರ್ ಬೂಟು, ಕೊಯ್ಲಿನಿಂದ ನೇರ ಬಂದಿರಬೇಕು. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಾಳೆ, ಪೂರ್ತಿ ಬೆಳ್ಳಗಿದೆ. ನನ್ನನ್ನು ಇನ್ನೂ ಕಂಡಿಲ್ಲ. ಒಂದೊಂದೇ ಕಿಟಕಿಯನ್ನು ನೋಡುತ್ತ ಬಸ್ಸಿನ ಜೊತೆಗೇ ನಡೆದು ಬರುತ್ತಿದ್ದಾಳೆ, ಬರೆಯುವುದು ಸಾಕು, ಇಳಿಯುತ್ತೇನೆ