ದಿನಕ್ಕೊಂದು ಮಗ್ ನೀರು

ಮಾರ್ಚ್ ೧೧, ಶನಿವಾರ

ಗುಬ್ಬಿಯ ಅಪ್ಪನಿಗೆ,

ನೀವು ಮನೆ ಬಿಟ್ಟು ಹೋಗಿ ಮೂರು ವರ್ಷವಾದ ಮೇಲೆ ಇವಳದೇನು ಕಾಗದ ಎಂದು ಹುಬ್ಬೇರಿಸಬೇಡಿ. ನನಗೆ ಸಸಿ ಬೇಕು. ನೀವು ಸಸಿ ಮಾರುವವರು, ನಾನು ಬಟ್ಟೆ ಹೊಲಿಯುವವಳು. ಗಿರಾಕಿ ಎಂದುಕೊಂಡೇ ಓದಿ.

ಹಿತ್ತಲಲ್ಲಿ ನೀವು ನೆಟ್ಟಿದ್ದ ಗುಡ್ಡದ ಹಳದಿ ಹೂವಿನ ಗಿಡ ಸಾಯುತ್ತಿದೆ. ನಮ್ಮ ನೆಲದ್ದೇ ಗಿಡ, ಕಲ್ಲಿನ ಸಂದಿಯಲ್ಲೂ ಬದುಕುತ್ತದೆ, ಬೇರೂರಿದ ಮೇಲೆ ನೀರು ಹಾಕಿದರೇ ಕೊಳೆಯುವುದು ಎಂದು ಎಷ್ಟು ಸಲ ಹೇಳಿದ್ದಿರಿ! ಗುಬ್ಬಿ ಕೇಳುತ್ತಿದ್ದಳೇ? ಎದ್ದವಳೇ ಮಗ್ ಹಿಡಿದು ಓಡುತ್ತಿದ್ದಳು. ಅದಕ್ಕೂ ಬಾಯಾರಿಕೆ ಆಗಲ್ವಾ ಅಂತ ನಿಮ್ಮನ್ನೇ ತಿರುಗಿ ಕೇಳುತ್ತಿದ್ದಳು. ಜ್ವರದಲ್ಲಿ ಅವಳು ಹೋದ ಮೇಲೆ ಆ ಬುಡಕ್ಕೆ ನಾನು ಒಂದು ಹನಿಯೂ ಹಾಕಿಲ್ಲ.

ಆದರೂ ಈಗ ಒಂದು ವರ್ಷದಿಂದ ಬೆಳಗಾದರೆ ಬುಡ ಒದ್ದೆ. ಒಂದು ಮಗ್ ನೀರಿನಷ್ಟು, ಹೆಚ್ಚಲ್ಲ. ಮೊದಲು ಪಕ್ಕದ ಮನೆಯ ಅಜ್ಜಿಯ ಮೇಲೆ ರೇಗಿದೆ. ಮಂಡಿನೋವು ಇಟ್ಕೊಂಡು ನಿನ್ನ ಬೇಲಿ ಹಾರೋಕೆ ನಂಗೇನು ಹುಚ್ಚಾ ಅಂತ ಅವರು ನನಗೇ ಬೈದರು. ನಲ್ಲಿಗೆ ಬೀಗ ಹಾಕಿಸಿದೆ. ಮರುದಿನವೂ ಒದ್ದೆ. ಹೋದ ವಾರ ಗಿಡದ ಸುತ್ತ ತಂತಿಬಲೆ ಕಟ್ಟಿದೆ. ಮರುದಿನ ಬೆಳಿಗ್ಗೆ ಬುಡ ಒಣಗಿತ್ತು. ನೀರು ಬಲೆಯ ಹೊರಗೆ ಚೆಲ್ಲಿತ್ತು. ಪಕ್ಕದಲ್ಲಿ, ಯಾರೋ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತೆದ್ದ ಗುರುತು. ಬರಿಗೈಯಲ್ಲೇ ಬಲೆ ಕಿತ್ತೆಸೆದೆ.

ಗಿಡ ಉಳಿಯಬೇಕಾದರೆ ಗುಬ್ಬಿಯನ್ನು ತಡೆಯಬೇಕು. ಅದು ನನ್ನಿಂದಾಗದು. ಎಲೆಯೆಲ್ಲ ಉದುರಿದೆ, ಕಾಂಡ ಒತ್ತಿದರೆ ಮೆತ್ತಗೆ. ಗಿಡ ಹೋದರೆ ಅವಳು ಈ ಮನೆಗೆ ಬರುವುದಾದರೂ ಯಾಕೆ? ಆ ಭಯಕ್ಕೆ ಊಟ ಸೇರುತ್ತಿಲ್ಲ. ಅದೇ ಜಾತಿಯ ಸಸಿ ಕಳಿಸಿ, ನಾಲ್ಕಾದರೂ ಇರಲಿ. ಒಂದು ಕೊಳೆಯುವಷ್ಟರಲ್ಲಿ ಇನ್ನೊಂದು ನೆಡುತ್ತೇನೆ. ತಲೆ ಕೆಟ್ಟಿದೆ ಅನ್ನುವುದಾದರೆ ಅನ್ನಿ, ಸಸಿ ಮಾತ್ರ ತಡಮಾಡಬೇಡಿ.

ನಿಮ್ಮ ಉತ್ತರಕ್ಕಲ್ಲ, ಸಸಿಗಾಗಿ ಕಾಯುವ,
ಗುಬ್ಬಿಯ ಅಮ್ಮ

ತಾ.ಕ.: ಹೇಳಬಾರದೆಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಕೆಸರಿನಲ್ಲಿ ಹೆಜ್ಜೆ ಮೂಡಿರುತ್ತದೆ. ಮೊದಲ ಸಲ ಟೇಪು ಹಿಡಿದು ಅಳೆದಾಗ ಅವಳ ಕೊನೆಯ ಚಪ್ಪಲಿಗೆ ಸರಿಯಾಗಿತ್ತು. ಇವತ್ತು ಮತ್ತೆ ಅಳೆದೆ. ಅರ್ಧ ಇಂಚು ಹೆಚ್ಚಾಗಿದೆ. ನಮ್ಮ ಮಗಳು ಬೆಳೆಯುತ್ತಿದ್ದಾಳೆ, ರೀ.